ಅಲಾಸ್ಕಾದ ಆ ಮರದ ಟೋಪಿ ಯಾರದು?

2024ರ ಜನವರಿಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ತನ್ನ ಎರಡು ದೊಡ್ಡ ಪ್ರದರ್ಶನಾಂಗಣಗಳನ್ನು ಮುಚ್ಚಿತು. ಶಿಕಾಗೋದ ಫೀಲ್ಡ್ ಮ್ಯೂಸಿಯಂ ಕೆಲವು ಗಾಜಿನ ಕಪಾಟುಗಳಿಗೆ ಮುಸುಕು ಹಾಕಿತು. ಅಮೆರಿಕದ ಮೂಲನಿವಾಸಿಗಳ ವಸ್ತುಗಳನ್ನು ಅವರ ಒಪ್ಪಿಗೆ ಇಲ್ಲದೆ ಪ್ರದರ್ಶನಕ್ಕೆ ಇಡುವಂತಿಲ್ಲ ಎಂಬ ಹೊಸ ನಿಯಮ ಆಗಷ್ಟೇ ಜಾರಿಗೆ ಬಂದಿತ್ತು. ಅದೇ ವರ್ಷ ಅಕ್ಟೋಬರ್ 26ರಂದು ಅಮೆರಿಕದ ನೌಕಾಪಡೆ ಅಲಾಸ್ಕಾದ ಟ್ಲಿಂಗಿಟ್ ಎಂಬ ಮೂಲನಿವಾಸಿಗಳ ಪುಟ್ಟ ಊರಾದ ಆಂಗೂನ್‌ಗೆ ಹೋಗಿ ಕ್ಷಮೆ ಕೇಳಿತು. 142 ವರ್ಷದ ಹಿಂದೆ, ಅದೇ ದಿನ, ಆ ಊರಿನ ಮೇಲೆ ಅದು ಫಿರಂಗಿ ಹಾರಿಸಿತ್ತು.

ಇದಕ್ಕೂ ಒಂದು ವರ್ಷ ಮೊದಲು ಇನ್ನೊಂದು ಸುದ್ದಿ ಬಂದಿತ್ತು. ಅಲಾಸ್ಕಾದ ಕೆಚಿಕನ್ ಪಟ್ಟಣದ ವ್ಯಾಪಾರಿಯೊಬ್ಬರಿಗೆ ಎರಡು ವರ್ಷ ಜೈಲಾಯಿತು. ಫಿಲಿಪೀನ್ಸ್‌ನಲ್ಲಿ ಮಾಡಿಸಿದ ಟೋಟೆಮ್ ಕಂಬಗಳನ್ನು (ಲಾಂಛನ ಕೆತ್ತಿದ ಮರದ ಕಂಬಗಳು) ಅಲಾಸ್ಕಾದ ಮೂಲನಿವಾಸಿಗಳು ಕೆತ್ತಿದ್ದು ಎಂದು ಪ್ರವಾಸಿಗರಿಗೆ ಮಾರಿದ್ದು ತಪ್ಪು.

ಓದಿದವರಿಗೆ ತಲೆ ಕೆಡುವುದು ಸಹಜ. ಒಂದು ಕಡೆ ಮ್ಯೂಸಿಯಂನವರೇ ಹಳೆಯ ವಸ್ತುಗಳನ್ನು ವಾಪಸ್ ಕೊಡುತ್ತಿದ್ದಾರೆ. ಇನ್ನೊಂದು ಕಡೆ ಟ್ಲಿಂಗಿಟ್‌ನಂಥ ಮೂಲನಿವಾಸಿಗಳು ಕೆತ್ತಿದ ಮುಖವಾಡ, ಪೆಟ್ಟಿಗೆ, ಕಂಬಗಳು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟಕ್ಕಿವೆ. ಹಾಗಾದರೆ ಕೊಳ್ಳಬಹುದೋ, ಬಾರದೋ? ಅಲಾಸ್ಕಾ ಕ್ರೂಸಿಗೆ ಹೋಗುವ ಅಮೆರಿಕದ ಕನ್ನಡಿಗರೂ ಈ ಅಂಗಡಿಗಳಿಗೆ ನುಗ್ಗುತ್ತಾರೆ. ಆದ್ದರಿಂದ ಈ ಪ್ರಶ್ನೆ ನಮಗೆ ಅಷ್ಟೇನೂ ದೂರದ್ದಲ್ಲ.

ಬಹಳಷ್ಟು ಜನ ವಸ್ತು ಎಷ್ಟು ಹಳೆಯದು ಎಂದು ಕೇಳುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ. ಮೊದಲು ಕೇಳಬೇಕಾದದ್ದು, ಅದು ಯಾರದು ಎಂದು.

ಇವರು ಯಾರು, ಇವರ ಕೆಲಸ ಎಂಥದು

ಟ್ಲಿಂಗಿಟ್ ಜನರ ನಾಡು ಅಲಾಸ್ಕಾದ ಆಗ್ನೇಯ ಕರಾವಳಿ. ಜೂನೋ, ಸಿಟ್ಕಾ, ಕೆಚಿಕನ್, ಹೇನ್ಸ್ ಎಲ್ಲ ಇರುವುದು ಅಲ್ಲೇ. ಕೆನಡಾದ ಒಳನಾಡಿನಲ್ಲೂ ಅವರಿದ್ದಾರೆ. ಮಳೆ, ಮಂಜು, ಸಾಲ್ಮನ್ ಮೀನು, ಆಕಾಶ ಮುಟ್ಟುವ ಸೀಡರ್ ಮರಗಳ ನಾಡದು. ಮನೆ, ದೋಣಿ, ಊಟದ ಬೋಗುಣಿ, ಕಾಳಗದ ಶಿರಸ್ತ್ರಾಣ, ಮೀನಿನ ಗಾಳ, ಎಲ್ಲವನ್ನೂ ಮರದಲ್ಲೇ ಮಾಡುತ್ತಿದ್ದರು.

ಅವರ ಮರದ ಪೆಟ್ಟಿಗೆಯನ್ನು ನೋಡಿದರೆ ಕೈಚಳಕ ಎಂಥದು ಎಂದು ತಿಳಿಯುತ್ತದೆ. ನಾಲ್ಕು ಬದಿಗೂ ಸೇರಿ ಒಂದೇ ಹಲಗೆ. ಮೂರು ಕಡೆ ಗೀರು ಹಾಕಿ, ಹಬೆಯಲ್ಲಿ ಮೆತ್ತಗೆ ಮಾಡಿ, ಮೂಲೆಗಳನ್ನು ಬಗ್ಗಿಸುತ್ತಾರೆ. ನಾಲ್ಕನೆಯ ಮೂಲೆಯನ್ನು ಮಾತ್ರ ಮರದ ಮೊಳೆ ಹೊಡೆದು ಇಲ್ಲವೇ ಹೊಲಿದು ಕೂಡಿಸುತ್ತಾರೆ. ನೀರು ತುಂಬಿದರೂ ಸೋರದಷ್ಟು ಬಿಗಿ. ಬಿಸಿ ಕಲ್ಲು ಹಾಕಿ ಅದರೊಳಗೇ ಅಡುಗೆ ಮಾಡುತ್ತಿದ್ದರು.

ಕಂಬಗಳಿಗೆ ಬಾಚಿ, ಸಣ್ಣ ಕೆಲಸಕ್ಕೆ ಬಾಗಿದ ಅಲಗಿನ ಚಾಕು. ಬಣ್ಣ ಮುಖ್ಯವಾಗಿ ಮೂರು. ಕಪ್ಪು ಗೆರೆ ದಪ್ಪವಾಗಿ, ಸಣ್ಣವಾಗಿ ಎಲ್ಲೂ ಕಡಿಯದೆ ಓಡಿ ಪ್ರಾಣಿಯ ಆಕಾರ ಕಟ್ಟುತ್ತದೆ. ಒಳಗೆ ಕೆಂಪು, ಅದರಾಚೆ ನೀಲಿ ಹಸಿರು. ಹಿಂದೆ ಸಾಲ್ಮನ್ ಮೊಟ್ಟೆಯನ್ನು ಜಗಿದು ಆ ರಸದಲ್ಲಿ ಬಣ್ಣ ಕಲಸುತ್ತಿದ್ದರು. ಬರಿಯ ಅಲಂಕಾರಕ್ಕೆ ಇಷ್ಟೊಂದು ಶ್ರಮ ಯಾರೂ ಪಡುವುದಿಲ್ಲ. ಆ ಕಾಗೆ, ಆ ತಿಮಿಂಗಿಲ, ಆ ಕರಡಿ ಎಲ್ಲವೂ ಒಂದೊಂದು ಕುಲದ ಲಾಂಛನ. ತಕರಾರು ಹುಟ್ಟುವುದೂ ಇದರಿಂದಲೇ.

ಭಂಡಾರದ ವಸ್ತು, ಬಜಾರಿನ ವಸ್ತು

ಟ್ಲಿಂಗಿಟ್ ಸಮಾಜದಲ್ಲಿ ಎರಡು ಪಾಲು. ಒಂದು ರೇವನ್, ಅಂದರೆ ದೊಡ್ಡ ಕಾಗೆಯ ಪಾಲು. ಇನ್ನೊಂದು ಹದ್ದಿನ ಪಾಲು, ಕೆಲವು ಊರುಗಳಲ್ಲಿ ಇದನ್ನೇ ತೋಳದ ಪಾಲು ಎನ್ನುತ್ತಾರೆ. ಮದುವೆ ಆಗಬೇಕಾದದ್ದು ಎದುರು ಪಾಲಿನವರನ್ನು. ಪ್ರತಿ ಪಾಲಿನಲ್ಲೂ ಹಲವು ಕುಲ, ಕುಲದೊಳಗೆ ಹಲವು ಮನೆತನ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಹೋಗುತ್ತದೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಲದ ಆಸ್ತಿಗೆ ಅವರ ಭಾಷೆಯಲ್ಲಿ 'ಅಟ್‌ಊವ್' ಎನ್ನುತ್ತಾರೆ. 'ಬೆಲೆ ಕೊಟ್ಟು ಪಡೆದದ್ದು' ಎಂದು ಅರ್ಥ. ಲಾಂಛನ ಕೆತ್ತಿದ ಟೋಪಿ, ಮನೆಯ ಕಂಬ ಮಾತ್ರವಲ್ಲ, ಹಾಡು, ಹೆಸರು, ಕಥೆ, ಜಾಗ ಕೂಡ ಅಟ್‌ಊವ್ ಆಗಬಹುದು. ಬೆಲೆ ಎಂದರೆ ಹಣವೇ ಆಗಬೇಕೆಂದಿಲ್ಲ. ಹಿರಿಯರು ಯಾರೋ ಒಬ್ಬರು ಜೀವ ಕೊಟ್ಟು ಪಡೆದದ್ದೂ ಇದರಲ್ಲಿ ಸೇರುತ್ತದೆ.

ವಸ್ತು ಅಟ್‌ಊವ್ ಆಗುವುದು ಹೇಗೆ? ಒಂದು ಕುಲ ಎದುರು ಪಾಲಿನ ಕೆತ್ತನೆಗಾರನಿಗೆ ಕೆಲಸ ಒಪ್ಪಿಸುತ್ತದೆ. ಆಮೇಲೆ 'ಕುಈಖ್' ಎಂಬ ದೊಡ್ಡ ಸಮಾರಂಭದಲ್ಲಿ ಅದನ್ನು ಹೊರಗೆ ತಂದು, ಎದುರು ಪಾಲಿನವರ ಮುಂದೆ ಅದರ ಕಥೆ ಹೇಳಿ, ಅವರಿಗೆ ಉಡುಗೊರೆ ಕೊಡುತ್ತಾರೆ. ಇಂಗ್ಲಿಷಿನವರು ಪಾಟ್‌ಲ್ಯಾಚ್ ಎನ್ನುವುದು ಇದನ್ನೇ. ಉಡುಗೊರೆ ಪಡೆದವರೇ ಸಾಕ್ಷಿ. ಅವತ್ತಿನಿಂದ ಅದು ಇಡೀ ಕುಲದ್ದು. ಮನೆಯ ಯಜಮಾನ ಅದನ್ನು ಕಾಯುತ್ತಾನೆ. ಆದರೆ ಅವನು ಒಡೆಯನಲ್ಲ.

ಕರಾವಳಿಯ ಗುತ್ತಿನ ಮನೆಯಲ್ಲಿ ದೈವದ ಭಂಡಾರ ಇರುತ್ತದಲ್ವಾ, ಹಾಗೆ. ಮುಖವಾಡ, ಆಭರಣ, ಕತ್ತಿ ಎಲ್ಲ ಯಜಮಾನರ ಮನೆಯಲ್ಲೇ ಇರುತ್ತವೆ. ನೇಮದ ದಿನ ಹೊರಗೆ ಬರುತ್ತವೆ. ಯಜಮಾನರು ಅದನ್ನು ಮಾರಲು ಹೊರಟರೆ ಊರು ಸುಮ್ನೆ ಇರುತ್ತದೆಯೇ? ಈ ಒಂದು ಹೋಲಿಕೆ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇದರ ಇನ್ನೊಂದು ಮಗ್ಗುಲು ಸುದ್ದಿಗಳಲ್ಲಿ ಬರುವುದೇ ಇಲ್ಲ. ಟ್ಲಿಂಗಿಟ್ ಕೆತ್ತನೆಗಾರರು ಮಾರಾಟಕ್ಕೆಂದೇ ಕೆತ್ತುತ್ತಿರುವುದು ಇವತ್ತು ನಿನ್ನೆಯಿಂದಲ್ಲ. 1880ರ ದಶಕದಲ್ಲೇ ಹಡಗಿನ ತುಂಬ ಪ್ರವಾಸಿಗರು ಸಿಟ್ಕಾ, ರಾಂಗೆಲ್‌ಗೆ ಬರತೊಡಗಿದ್ದರು. ಅವರಿಗಾಗಿ ಚಿಕ್ಕ ಟೋಟೆಮ್ ಕಂಬ, ಚಮಚ, ಬಟ್ಟಲು ಕೆತ್ತಿ ಮಾರಿದರು. ಇವು ನೂರು ವರ್ಷಕ್ಕಿಂತ ಹಳೆಯವು, ಆದರೂ ಭಂಡಾರದ ವಸ್ತುಗಳಲ್ಲ. ಅದೇ, ಹೋದ ವರ್ಷ ಕೆತ್ತಿದ ಟೋಪಿಯೊಂದು ಸಮಾರಂಭದಲ್ಲಿ ಹೊರಬಂದಿದ್ದರೆ ಅದು ಭಂಡಾರಕ್ಕೆ ಸೇರಿತು. ವಯಸ್ಸಿಗೂ ಒಡೆತನಕ್ಕೂ ಇಲ್ಲಿ ಸಂಬಂಧವೇ ಇಲ್ಲ.

ಕೈಬಿಟ್ಟು ಹೋದದ್ದು ಹೇಗೆ

ಹಾಗಾದರೆ ಕುಲದ ಟೋಪಿಗಳು ನ್ಯೂಯಾರ್ಕಿಗೂ ಫಿಲಡೆಲ್ಫಿಯಾಕ್ಕೂ ಹೋದದ್ದು ಹೇಗೆ? ಕೆಲವನ್ನು ಸೀದಾ ಕದ್ದರು. 1899ರಲ್ಲಿ ಸಿಯಾಟಲ್‌ನ ವ್ಯಾಪಾರಿಗಳ ತಂಡ ಟಾಂಗಸ್ ಎಂಬ ಊರಿನಲ್ಲಿ ಇಳಿದು, ಜನ ಇಲ್ಲದ ಹೊತ್ತಿನಲ್ಲಿ ದೊಡ್ಡ ಟೋಟೆಮ್ ಕಂಬವೊಂದನ್ನು ಕಡಿದು ಹಡಗಿಗೆ ಹಾಕಿಕೊಂಡು ಬಂದಿತು. ಆ ಕಂಬವನ್ನು ನಗರದ ನಡುವೆ ನಿಲ್ಲಿಸಿದರು. ಅದೇ ವರ್ಷ ಹ್ಯಾರಿಮನ್ ಎಂಬ ರೈಲ್ವೆ ಶ್ರೀಮಂತನ ಅನ್ವೇಷಣಾ ಹಡಗು ಕೇಪ್ ಫಾಕ್ಸ್ ಊರಿನಿಂದ ಕಂಬಗಳನ್ನು ಹೊತ್ತೊಯ್ದಿತು. ಅಲ್ಲೂ ಮನೆಗಳು ಖಾಲಿ ಇದ್ದವು. ಖಾಲಿ ಇದ್ದರೆ ಬಿಟ್ಟುಹೋದದ್ದು ಎಂದು ಅವರ ಲೆಕ್ಕ.

ಕೆಲವನ್ನು ಯುದ್ಧ ನಾಶಮಾಡಿತು. 1882ರಲ್ಲಿ ಆಂಗೂನ್ ಮೇಲೆ ದಾಳಿಯಾದಾಗ ಮನೆ, ಚಳಿಗಾಲದ ಆಹಾರ, ದೋಣಿ ಎಲ್ಲ ಹೋದವು. ಹೊಗೆ ಕುಡಿದು ಆರು ಮಕ್ಕಳು ಸತ್ತರು. ಒಂದು ದೋಣಿ ಮಾತ್ರ ಉಳಿಯಿತು. ಅದರ ಮೂತಿಯಲ್ಲಿ ಕೆತ್ತಿದ ಬೀವರ್ ಪ್ರಾಣಿಯ ಆಕೃತಿ ಇತ್ತು. ಆ ಮರದ ತುಂಡು ಎಲ್ಲೋ ಕಳೆದುಹೋಗಿತ್ತು. 1999ರಲ್ಲಿ ಟ್ಲಿಂಗಿಟ್ ಹಿರಿಯರು ನ್ಯೂಯಾರ್ಕಿನ ಮ್ಯೂಸಿಯಂ ನೋಡಲು ಹೋದಾಗ ಅಲ್ಲಿನ ಸಂಗ್ರಹದಲ್ಲಿ ಅದು ಕಣ್ಣಿಗೆ ಬಿತ್ತು. ಅದೇ ವರ್ಷ ಊರಿಗೆ ಮರಳಿತು.

ಆದರೆ ಬಹುಪಾಲು ವಸ್ತುಗಳು ಹೋದದ್ದು ಮಾರಾಟದಿಂದ. ಈ ಸಂಗತಿಯನ್ನು ಮುಚ್ಚಿಟ್ಟು ಮಾತಾಡಬಾರದು. ಜಾರ್ಜ್ ಎಮನ್ಸ್ ಎಂಬ ನೌಕಾಪಡೆಯ ಅಧಿಕಾರಿ 19ನೆಯ ಶತಮಾನದ ಕೊನೆಯಲ್ಲಿ ಸಾವಿರಾರು ವಸ್ತುಗಳನ್ನು ಕೂಡಿಹಾಕಿ ಮ್ಯೂಸಿಯಂಗಳಿಗೆ ಮಾರಿದ. ಕೆಲವನ್ನು ಮಂತ್ರವೈದ್ಯರ ಸಮಾಧಿಗಳಿಂದ ತೆಗೆದಿದ್ದ. ಉಳಿದ ಎಷ್ಟನ್ನೋ ದುಡ್ಡು ಕೊಟ್ಟೇ ತಂದಿದ್ದ.

ಮಾರಿದ್ದಾದರೂ ಯಾಕೆ? ಸಿಡುಬು ಊರೂರನ್ನೇ ಬರಿದು ಮಾಡಿತ್ತು. ಮೀನಿನ ಡಬ್ಬಿ ಕಾರ್ಖಾನೆಗಳು ಬಂದು ಬದುಕಿನ ದಾರಿ ಬದಲಾಯಿತು. ಕುಈಖ್ ಸಮಾರಂಭವನ್ನು ಅನಾಗರಿಕ ಎಂದು ಪಾದ್ರಿಗಳು ಬೈದರು. ಸಮಾರಂಭವೇ ನಿಂತರೆ ಟೋಪಿ ಹೊರಗೆ ಬರುವುದು ಯಾವಾಗ?

ಇವೆಲ್ಲಕ್ಕಿಂತ ಆಳವಾಗಿ ಪೆಟ್ಟು ಕೊಟ್ಟದ್ದು ಉತ್ತರಾಧಿಕಾರದ ಕಾನೂನು. ಕುಲದ ಕಟ್ಟಳೆಯಂತೆ ಯಜಮಾನಿಕೆ ಅಳಿಯನಿಗೆ. ಅಮೆರಿಕದ ಕಾನೂನಿನಂತೆ ಆಸ್ತಿ ಹೆಂಡತಿ ಮಕ್ಕಳಿಗೆ. ಆದರೆ ಮಕ್ಕಳು ಬೇರೆ ಕುಲದವರು, ತಾಯಿಯ ಕಡೆಯವರು. ಅಪ್ಪ ಸತ್ತ ಮೇಲೆ ಮನೆಯೊಳಗಿನ ಕುಲದ ಪೆಟ್ಟಿಗೆ ಬೇರೆ ಕುಲದ ಕೈಗೆ ಬಿತ್ತು. ಮಾರಿದವನ ಬಳಿ ಕಾಗದದ ಮೇಲೆ ಹಕ್ಕಿತ್ತು, ಕುಲದ ಕಣ್ಣಿನಲ್ಲಿ ಅವನಿಗೆ ಯಾವ ಹಕ್ಕೂ ಇರಲಿಲ್ಲ. ಇವತ್ತಿನ ಅರ್ಧಕ್ಕರ್ಧ ಜಗಳದ ಬೇರು ಇರುವುದು ಇಲ್ಲೇ ಎಂಬುದು ನನ್ನ ಅನಿಸಿಕೆ.

ಕ್ಲಕ್ವಾನ್‌ನ ನಾಲ್ಕು ಕಂಬಗಳು

ಹೇನ್ಸ್ ಪಟ್ಟಣದ ಹತ್ತಿರ, ಚಿಲ್ಕ್ಯಾಟ್ ನದಿಯ ದಂಡೆಯಲ್ಲಿ ಕ್ಲಕ್ವಾನ್ ಎಂಬ ಹಳ್ಳಿ. ಅಲ್ಲಿನ ಗಾನಖ್‌ತೇದಿ ಕುಲದ 'ತಿಮಿಂಗಿಲ ಮನೆ'ಯಲ್ಲಿ ಕೆತ್ತಿದ ನಾಲ್ಕು ಕಂಬಗಳು ಮತ್ತು 'ಮಳೆ ಗೋಡೆ' ಎಂದು ಕರೆಯುವ ಚಿತ್ರ ಬರೆದ ದೊಡ್ಡ ಮರದ ಗೋಡೆ ಇದ್ದವು. ಟ್ಲಿಂಗಿಟ್ ಕಲೆಯಲ್ಲಿ ಇವಕ್ಕಿಂತ ದೊಡ್ಡ ಹೆಸರು ಮತ್ತೊಂದಿಲ್ಲ.

1920ರ ದಶಕದಲ್ಲಿ ಇವುಗಳ ಮೇಲೆ ಕಣ್ಣು ಹಾಕಿದವನು ಲೂಯಿ ಶಾಟ್‌ರಿಜ್. ಅವನೂ ಟ್ಲಿಂಗಿಟ್, ಕ್ಲಕ್ವಾನ್‌ನವನೇ. ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂಗೆ ವಸ್ತು ಸಂಗ್ರಹಿಸುವ ಕೆಲಸದಲ್ಲಿದ್ದ. ಅವನ ತಂದೆ ಆ ಮನೆಯ ಯಜಮಾನನಾಗಿದ್ದ. ಮಗನಾದ ತನಗೆ ಅದರಲ್ಲಿ ಹಕ್ಕಿದೆ ಎಂದು ಅವನು ವಾದಿಸಿದ. ನೀನು ನಿನ್ನ ತಾಯಿಯ ಕುಲದವನು, ಇದು ನಮ್ಮದು ಎಂದು ಗಾನಖ್‌ತೇದಿಗಳು ಕೊಡಲಿಲ್ಲ. ತನ್ನ ಜನರ ಹಿರಿಮೆಯನ್ನು ಲೋಕ ನೋಡಲಿ, ವಸ್ತುಗಳು ಕೊಳೆತು ಹಾಳಾಗದಿರಲಿ ಎಂಬುದು ಶಾಟ್‌ರಿಜ್‌ನ ಆಸೆಯಾಗಿತ್ತು. ಅವನನ್ನು ಸುಮ್ನೆ ದ್ರೋಹಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಬೇರೆ ವ್ಯಾಪಾರಿಗಳೂ ಬರುತ್ತಲೇ ಇದ್ದರು. ಬೇಸತ್ತ ಹಳ್ಳಿಯವರು 1976ರಲ್ಲಿ ತಮ್ಮದೇ ಕಟ್ಟಳೆ ಮಾಡಿದರು. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಇಂಥ ವಸ್ತು ಊರು ಬಿಡುವಂತಿಲ್ಲ ಎಂದರು. ಆದರೂ 1984ರಲ್ಲಿ ಒಂದು ದಿನ ಕೆಲವರು ಕಂಬಗಳನ್ನೂ ಗೋಡೆಯನ್ನೂ ಬಿಚ್ಚಿ ಸಾಗಿಸಿಬಿಟ್ಟರು. ಕೊಂಡವನು ಕಲಾವಸ್ತುಗಳ ವ್ಯಾಪಾರಿ. ಹಳ್ಳಿ ಕೋರ್ಟಿಗೆ ಹೋಯಿತು. ವ್ಯಾಜ್ಯ ಮುಗಿಯುವ ತನಕ ಅವು ಸಿಯಾಟಲ್‌ನ ಗೋದಾಮಿನಲ್ಲಿ ಬಿದ್ದಿದ್ದವು.

ಪ್ರಕರಣ ಒಕ್ಕೂಟದ ಕೋರ್ಟುಗಳನ್ನು ಸುತ್ತಿ, ಕೊನೆಗೆ ಹಳ್ಳಿಯ ಸ್ವಂತ ಬುಡಕಟ್ಟು ನ್ಯಾಯಾಲಯದಲ್ಲಿ ವಿಚಾರಣೆಯಾಯಿತು. 1993ರಲ್ಲಿ ತೀರ್ಪು ಬಂತು. ಇವು ಕುಲದ ಆಸ್ತಿ, ಒಬ್ಬಿಬ್ಬರು ಮಾರಲು ಬರುವುದಿಲ್ಲ, ವಾಪಸ್ ತನ್ನಿ. 1994ರಲ್ಲಿ ಕಂಬಗಳು ಮನೆಗೆ ಬಂದವು. ಮಾರಲು ಸಹಿ ಹಾಕಿದವರು ಆ ಮನೆಯ ಸಂಬಂಧಿಕರೇ ಆಗಿದ್ದರೂ ಮಾರಾಟ ಊರ್ಜಿತವಾಗಲಿಲ್ಲ ಎಂಬುದನ್ನು ಸಂಗ್ರಹ ಮಾಡುವವರು ಗಮನಿಸಬೇಕು.

ಕಾನೂನಿನ ಕೈ ಎಲ್ಲಿಯವರೆಗೆ

ಈ ವ್ಯಾಜ್ಯ ನಡೆಯುತ್ತಿದ್ದಾಗಲೇ, 1990ರಲ್ಲಿ, ಅಮೆರಿಕದಲ್ಲಿ ಎರಡು ಕಾನೂನು ಬಂದವು. ಎರಡನ್ನೂ ಬೆರೆಸಿಕೊಂಡರೆ ಗೊಂದಲ ಖಚಿತ.

ಮೊದಲನೆಯದನ್ನು ನ್ಯಾಗ್‌ಪ್ರಾ ಎನ್ನುತ್ತಾರೆ. ಸರ್ಕಾರದ ಹಣ ಪಡೆಯುವ ಮ್ಯೂಸಿಯಂಗಳು ಪೂರ್ವಿಕರ ಮೂಳೆ, ಸಮಾಧಿಯ ವಸ್ತು, ಪೂಜೆಯ ವಸ್ತು ಮತ್ತು ಸಮುದಾಯದ ಸಾಮೂಹಿಕ ಆಸ್ತಿಯನ್ನು ವಾಪಸ್ ಕೊಡಬೇಕು. ಒಬ್ಬ ವ್ಯಕ್ತಿ ಮಾರಲು ಬರದಂಥ ವಸ್ತು ಎಂದೇ ಕಾನೂನು ಸಾಮೂಹಿಕ ಆಸ್ತಿಯನ್ನು ವಿವರಿಸುತ್ತದೆ. ಅಟ್‌ಊವ್‌ಗೆ ಅಳತೆ ತೆಗೆದು ಹೊಲಿದ ಹಾಗಿದೆ ಈ ಮಾತು. 2024ರಲ್ಲಿ ಸುದ್ದಿಯಾದದ್ದು ಇದರದೇ ಹೊಸ ನಿಯಮಾವಳಿ. ಪ್ರದರ್ಶನಕ್ಕೂ ಸಂಶೋಧನೆಗೂ ಮೊದಲೇ ಒಪ್ಪಿಗೆ ಬೇಕು, ಬುಡಕಟ್ಟಿನವರ ತಿಳಿವಳಿಕೆಗೆ ಬೆಲೆ ಕೊಡಬೇಕು, ಪಟ್ಟಿಗಳನ್ನು ಐದು ವರ್ಷದೊಳಗೆ ಸರಿಮಾಡಬೇಕು ಎನ್ನುತ್ತದೆ ಅದು. ಗಡುವು 2029ರ ಜನವರಿ.

ಆದರೆ ಖಾಸಗಿ ಮನೆಯ ಗೋಡೆಯ ಮೇಲಿರುವ ಮುಖವಾಡಕ್ಕೆ ವಾಪಸ್ ಕೊಡುವ ಈ ನಿಯಮ ತಾಗುವುದಿಲ್ಲ. ಕದ್ದ ಸಾಮೂಹಿಕ ಆಸ್ತಿಯನ್ನು ಮಾರಿದರೆ, ಕೊಂಡರೆ ಮಾತ್ರ ಅಪರಾಧ. ಹೀಗಾಗಿ ಮ್ಯೂಸಿಯಂ ಒಂದು ಟೋಪಿಯನ್ನು ವಾಪಸ್ ಕೊಡುವ ದಿನವೇ ಅಂಥದ್ದೇ ಇನ್ನೊಂದು ಹರಾಜಿಗೆ ಬರಬಹುದು. 2008ರಲ್ಲಿ ಕನೆಕ್ಟಿಕಟ್‌ನ ಹರಾಜೊಂದರಲ್ಲಿ ಟ್ಲಿಂಗಿಟ್ ಯೋಧನ ಮರದ ಶಿರಸ್ತ್ರಾಣ 20 ಲಕ್ಷ ಡಾಲರಿಗೂ ಮೇಲೆ ಹೋಯಿತು. 2022ರ ಕೊನೆಯಲ್ಲಿ ಬಂದ ಸ್ಟಾಪ್ ಕಾಯ್ದೆ ಇಂಥ ವಸ್ತುಗಳು ದೇಶ ಬಿಟ್ಟು ಪ್ಯಾರಿಸ್‌ನಂಥ ಹರಾಜು ಕಟ್ಟೆಗೆ ಹೋಗದಂತೆ ತಡೆ ಹಾಕಿತು.

1990ರ ಎರಡನೆಯ ಕಾನೂನಿಗೆ ಹಳೆಯ ಭಂಡಾರದ ಗೊಡವೆ ಇಲ್ಲ. ಅದು ನಕಲಿ ಮಾಲಿನ ಬಗ್ಗೆ. ಮೂಲನಿವಾಸಿ ಮಾಡದ್ದನ್ನು ಅವರು ಮಾಡಿದ್ದು ಎಂದು ಮಾರಿದರೆ, ಮೊದಲ ಸಲಕ್ಕೇ ಎರಡೂವರೆ ಲಕ್ಷ ಡಾಲರ್ ದಂಡ, ಐದು ವರ್ಷದವರೆಗೆ ಜೈಲು ಆಗಬಹುದು. ಕೆಚಿಕನ್ ವ್ಯಾಪಾರಿ ಸಿಕ್ಕಿಬಿದ್ದದ್ದು ಇದರಡಿ.

ಯಾರು ಏನೆನ್ನುತ್ತಾರೆ

ವ್ಯಾಪಾರಿಗಳು ಮತ್ತು ಸಂಗ್ರಹ ಮಾಡುವವರ ವಾದ ಸರಳ. ಮಾರುವವನಿದ್ದ, ದುಡ್ಡು ಕೊಟ್ಟೆವು, ರಸೀದಿ ಇದೆ. ನಾವು ಕೊಳ್ಳದಿದ್ದರೆ ಅವು ಮಳೆಯಲ್ಲಿ ಕೊಳೆತು ಹೋಗುತ್ತಿದ್ದವು. ಯಾವುದು ನಿಷಿದ್ಧ ಎಂಬ ಪಟ್ಟಿಯನ್ನಾದರೂ ಕೊಡಿ. ಈ ಕೊನೆಯ ಮಾತಿನಲ್ಲಿ ನಿಜವಾದ ಕಷ್ಟ ಇದೆ. ಪಟ್ಟಿ ಕೊಡಲು ಬುಡಕಟ್ಟುಗಳು ಹಿಂಜರಿಯುತ್ತವೆ. ಗುಟ್ಟಾಗಿಟ್ಟ ಪವಿತ್ರ ವಸ್ತುವಿನ ವಿವರ ಪಟ್ಟಿಗೆ ಹಾಕಿದರೆ ಗುಟ್ಟೇ ಬಯಲಾಗುತ್ತದಲ್ಲ?

ಮ್ಯೂಸಿಯಂಗಳೆಲ್ಲ ಒಂದೇ ಮಾತು ಆಡುವುದಿಲ್ಲ. ಹೂನಾ ಊರಿನ ತಕ್‌ದೇನ್‌ತಾನ್ ಕುಲದ ವಸ್ತುಗಳನ್ನು ಶಾಟ್‌ರಿಜ್ 1924ರಲ್ಲಿ 500 ಡಾಲರಿಗೆ ಕೊಂಡಿದ್ದ. ಕುಲ ವಾಪಸ್ ಕೇಳಿತು. ಮಾರಿದವರು ಆಗಿನ ಯಜಮಾನರೇ, ಆದ್ದರಿಂದ ನಮಗೆ ಹಕ್ಕಿದೆ ಎಂದಿತು ಪೆನ್ ಮ್ಯೂಸಿಯಂ. 2010ರಲ್ಲಿ ನ್ಯಾಗ್‌ಪ್ರಾ ಪರಿಶೀಲನಾ ಸಮಿತಿ ಕುಲದ ಪರ ನಿಂತಿತು. ಆದರೆ ಸಮಿತಿಯ ಮಾತು ಸಲಹೆ ಮಾತ್ರ, ಆದೇಶ ಅಲ್ಲ.

ಕುಲದವರ ವಾದಕ್ಕೆ ಹೆಚ್ಚು ತೂಕ ಇದೆ ಎಂದೇ ನನಗನಿಸುತ್ತದೆ. ಯಜಮಾನ ಎಂಬ ಪದವಿಯೇ ಕಾಯುವುದಕ್ಕೆ ಇರುವುದು. ಕಾಯುವವನು ಕಷ್ಟದಲ್ಲಿ ಮಾರಿದ ಎಂದರೆ ಅವನ ಕಷ್ಟ ನಿಜ, ಮಾರಾಟ ಮಾತ್ರ ಪೊಳ್ಳು. 'ಕೊಳೆಯುತ್ತಿತ್ತು' ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಮರ ಕೊಳೆಯುತ್ತದೆ, ಹೊಸದನ್ನು ಕೆತ್ತಿಸಿ ಸಮಾರಂಭ ಮಾಡುತ್ತಾರೆ, ಲಾಂಛನ ಉಳಿಯುತ್ತದೆ. ಇದು ಅವರ ಪದ್ಧತಿ. ಇನ್ನೊಂದು ನೋವಿನ ಸಂಗತಿ ಇದೆ. ಹುಳು ಹಿಡಿಯದಿರಲೆಂದು ಹಿಂದೆ ಮ್ಯೂಸಿಯಂಗಳು ವಸ್ತುಗಳಿಗೆ ಆರ್ಸೆನಿಕ್ ಬಳಿದವು. ಹೀಗಾಗಿ ಮನೆಗೆ ಮರಳಿದ ಟೋಪಿಯನ್ನು ತಲೆಗೆ ಇಡುವ ಮೊದಲು ವಿಷದ ಪರೀಕ್ಷೆ ಮಾಡಿಸಬೇಕು.

ಮುಂದೆ ಏನಾಗಬಹುದು

ವಾಪಸ್ ಕೊಡುವುದೆಂದರೆ ಮ್ಯೂಸಿಯಂ ಬರಿದಾಗುವುದು ಎಂಬ ಭಯ ಇದೆ. ನಡೆದದ್ದನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಹ್ಯಾರಿಮನ್ ಹಡಗು ಹೊತ್ತೊಯ್ದ ಕೇಪ್ ಫಾಕ್ಸ್ ಕಂಬಗಳು 2001ರಲ್ಲಿ ಮರಳಿದವು. ಆಗ ಕಂಬ ಮರಳಿಸಿದ ಮ್ಯೂಸಿಯಂಗಳಿಗೆ ಕೇಪ್ ಫಾಕ್ಸ್‌ನವರು ತಾವೇ ಸೀಡರ್ ದಿಮ್ಮಿಗಳನ್ನು ಕೊಟ್ಟರು. ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂಗೆ ಕೆಚಿಕನ್‌ನ ಹಿರಿಯ ಕೆತ್ತನೆಗಾರ ನೇಥನ್ ಜ್ಯಾಕ್ಸನ್ ಹೊಸ ಕಂಬ ಕೆತ್ತಿದರು. ಸ್ಮಿತ್‌ಸೋನಿಯನ್‌ನಲ್ಲಿದ್ದ ಕಿಕ್ಸ್‌ಆದಿ ಕುಲದ ಮೀನಿನ ಟೋಪಿ ಮುರಿದಿತ್ತು, ಹಾಕಿಕೊಳ್ಳುವಂತಿರಲಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಅಳೆದು ಮರದಲ್ಲಿ ಹೊಸದನ್ನು ಮಾಡಿದರು. 2019ರಲ್ಲಿ ಜೂನೋದಲ್ಲಿ ಕುಲದವರು ಸಮಾರಂಭ ಮಾಡಿ ಅದಕ್ಕೆ ಜೀವ ತುಂಬಿದರು. ಈಗ ಅದು ಕುಣಿಯುವ ಟೋಪಿ.

ಖಾಸಗಿ ಮಾರುಕಟ್ಟೆ ಎರಡಾಗಿ ಸೀಳುವ ಸಾಧ್ಯತೆ ಜಾಸ್ತಿ. ಎಲ್ಲಿಂದ ಬಂತು ಎಂಬ ಕಾಗದ ಇಲ್ಲದ ಹಳೆಯ ಲಾಂಛನದ ವಸ್ತುವನ್ನು ಮ್ಯೂಸಿಯಂಗಳು ದಾನಕ್ಕೂ ತೆಗೆದುಕೊಳ್ಳುವುದಿಲ್ಲ. ಕೆಲವರು ಕುಲಕ್ಕೇ ಒಪ್ಪಿಸುತ್ತಾರೆ, ಕೆಲವರು ಬಚ್ಚಿಡುತ್ತಾರೆ. ಇನ್ನೊಂದು ಕಡೆ ಈಗ ಕೆತ್ತುತ್ತಿರುವವರ ಕೆಲಸಕ್ಕೆ ಬೇಡಿಕೆ ಏರುತ್ತದೆ. ಇದು ಒಳ್ಳೆಯದೇ. ಇಲ್ಲಿ ದುಡ್ಡು ನೇರ ಬಾಚಿ ಹಿಡಿದ ಕೈಗೆ ಹೋಗುತ್ತದೆ.

ಕೊಳ್ಳುವವರು ಕೇಳಬೇಕಾದ್ದು ಸ್ವಲ್ಪವೇ. ಕೆತ್ತಿದವರ ಹೆಸರೇನು, ಯಾವ ಊರು, ಯಾವ ಕುಲ? ಯಾವ ಮರ? ಅಲಾಸ್ಕಾ ರಾಜ್ಯ ಸರ್ಕಾರ ಮೂಲನಿವಾಸಿ ಕಲಾವಿದರಿಗೆ 'ಸಿಲ್ವರ್ ಹ್ಯಾಂಡ್' ಎಂಬ ಗುರುತು ಕೊಡುತ್ತದೆ. ಆ ಚೀಟಿ ಇದ್ದರೆ ನೆಮ್ಮದಿ. ಚೀಟಿ ಇಲ್ಲದೆಯೂ ಅಸಲಿ ಕೆಲಸ ಇರುತ್ತದೆ, ಆಗ ಹೆಸರನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಅಂಗಡಿಯವರು ತಡವರಿಸಿದರೆ ಕೈಬಿಡಿ. ಹದ್ದಿನ ಗರಿ ಸಿಕ್ಕಿಸಿದ ಮುಖವಾಡವನ್ನಂತೂ ಮುಟ್ಟಬೇಡಿ. ಅಮೆರಿಕದ ಕಾನೂನಿನಲ್ಲಿ ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ಹೊಸ ಕೆಲಸಕ್ಕೆ ಬೇಡಿಕೆ ಏರಿದಂತೆ ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ದೊಡ್ಡ ಕಂಬಕ್ಕೆ ಗಂಟಿಲ್ಲದ, ಎಳೆ ನೇರವಾಗಿರುವ ಮರ ಬೇಕು. ಅಂಥ ಕೆಂಪು ಸೀಡರ್ ಬೆಳೆಯಲು ನೂರಾರು ವರ್ಷ ಹಿಡಿಯುತ್ತದೆ. ದಶಕಗಟ್ಟಲೆ ಕಡಿದ ಮೇಲೆ ಆಗ್ನೇಯ ಅಲಾಸ್ಕಾದ ಟಾಂಗಸ್ ಕಾಡಿನಲ್ಲಿ ಕೈಗೆಟಕುವ ಹಳೆಯ ಮರಗಳು ಕಡಿಮೆಯಾಗಿವೆ. ಹಳದಿ ಸೀಡರ್‌ಗೆ ಬೇರೆಯೇ ಕಷ್ಟ. ಹಿಮ ಕಡಿಮೆಯಾಗಿ, ಬೇರಿಗೆ ಹೊದಿಕೆ ಇಲ್ಲದೆ, ವಸಂತದ ಚಳಿಗೆ ಬೇರು ಸತ್ತು ಮರಗಳು ನಿಂತಲ್ಲೇ ಒಣಗುತ್ತಿವೆ. ಟ್ಲಿಂಗಿಟ್ ಮತ್ತು ನೆರೆಯ ಜನರ ಒಡೆತನದ ಸೀಲಾಸ್ಕಾ ಕಂಪನಿ 2021ರಲ್ಲಿ ಮರ ಕಡಿಯುವ ವ್ಯಾಪಾರದಿಂದ ಹಿಂದೆ ಸರಿಯಿತು. ಉಳಿದ ಮರಗಳಲ್ಲಿ ಯಾವುದು ಕಂಬಕ್ಕೆ, ಯಾವುದು ದೋಣಿಗೆ ಎಂದು ಕೆತ್ತನೆಗಾರರು ಈಗಿನಿಂದಲೇ ಲೆಕ್ಕ ಹಾಕಬೇಕಾಗಿದೆ.